ಟ್ಯಾಲಿನ್‌ಗೆ ಎರಡು ದಾರಿ: ಕ್ರೂಸ್ ಹಡಗಿನ ಒಂದು ಹಗಲು, ಫೆರ್ರಿಯ ಒಂದು ರಾತ್ರಿ

ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ಗೆ ನಾನು ಎರಡು ಸಲ ಹೋಗಿದ್ದೇನೆ. ಎರಡು ಸಲವೂ ಸಮುದ್ರದ ಮೇಲೇ. ಮೊದಲನೆಯದು 2023ರ ಮೇ ಕೊನೆಯಲ್ಲಿ, ಅಪ್ಪ ಅಮ್ಮನ ಜೊತೆ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಿಂದ ಹೊರಟ ಏಳು ರಾತ್ರಿಯ ಕ್ರೂಸ್‌ನಲ್ಲಿ. ಎರಡನೆಯದು ಮರುವರ್ಷ ಜುಲೈ ಮೊದಲ ವಾರ, ಫಿನ್ಲೆಂಡಿನ ಎಸ್ಪೋದಲ್ಲಿರುವ ಅಕ್ಕ ಭಾವನ ಜೊತೆ, ಹೆಲ್ಸಿಂಕಿಯಿಂದ ದಡದಿಂದ ದಡಕ್ಕೆ ಓಡಾಡುವ ಫೆರ್ರಿ ಹಡಗಿನಲ್ಲಿ. ಊರು ಅದೇ, ಬಂದರು ಕೂಡ ಅದೇ. ಆದರೆ ನನಗೆ ಸಿಕ್ಕಿದ್ದು ಎರಡು ಬೇರೆ ಬೇರೆ ಟ್ಯಾಲಿನ್. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಕು ಅಂದುಕೊಂಡಿರುವ ಗೆಳೆಯರು ಯಾವುದು ಒಳ್ಳೆಯದು ಅಂತ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ದುಡ್ಡಿನ ಮಾತು ಮೊದಲೇ ಮುಗಿಸಿಬಿಡೋಣ. ಕ್ರೂಸ್‌ಗೆ ಕಿಟಕಿ ಇಲ್ಲದ ಒಳಗಿನ ಕೋಣೆ ಹಿಡಿದು ತಲೆಗೆ ಸುಮಾರು 800 ಯೂರೋ ಆಯಿತು. ಊಟ, ತಿಂಡಿ, ಹಾಸಿಗೆ ಎಲ್ಲ ಅದರಲ್ಲೇ. ದಿನದ ಟಿಪ್ಸ್ ಬೇರೆ. ಪ್ರತಿ ಊರಿನಲ್ಲಿ ಹಡಗಿನವರೇ ಮಾಡಿಸುವ ಬಸ್ ಟೂರ್ ಬೇಕೆಂದರೆ ಅದಕ್ಕೂ ಬೇರೆ ದುಡ್ಡು. ಫೆರ್ರಿಗೆ ಒಂದು ಕಡೆಗೆ ತಲೆಗೆ 25 ಯೂರೋ ಹತ್ತಿರ, ಮೂವರಿಗೆ ಒಂದು ರಾತ್ರಿಯ ರೂಮಿಗೆ 110 ಯೂರೋ ಆಗಿತ್ತು. ಇವೆರಡನ್ನೂ ಅಕ್ಕಪಕ್ಕ ಇಟ್ಟು ತೂಗುವುದು ಸರಿಯಲ್ಲ. ಕ್ರೂಸ್ ನಮಗೆ ಸ್ಟಾಕ್‌ಹೋಮ್, ಹೆಲ್ಸಿಂಕಿ, ಟ್ಯಾಲಿನ್, ಲಾತ್ವಿಯಾದ ರೀಗಾ ನಾಲ್ಕನ್ನೂ ತೋರಿಸಿತು. ಫೆರ್ರಿ ತೋರಿಸಿದ್ದು ಒಂದನ್ನೇ. ವೀಸಾ ಎರಡಕ್ಕೂ ಷೆಂಗೆನ್, ಯುರೋಪಿನ ಹಲವು ದೇಶಗಳಿಗೆ ಒಂದೇ ಆಗುವ ವೀಸಾ. ಹಡಗು ಇಂಗ್ಲೆಂಡಿನಿಂದ ಹೊರಡುವುದಾದರೆ ಮಾತ್ರ ಅಲ್ಲಿನ ವೀಸಾ ಬೇರೆ ಬೇಕು. ಅದಕ್ಕೇ ನಾವು ಕೋಪನ್‌ಹೇಗನ್ ಆರಿಸಿಕೊಂಡೆವು.

ಬಾಲ್ಟಿಕ್ ಸಮುದ್ರದ ಕ್ರೂಸ್ ಅಂದರೆ ಮೊದಲೆಲ್ಲ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಅದರ ಕಿರೀಟ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ದೊಡ್ಡ ಹಡಗುಗಳು ಅಲ್ಲಿಗೆ ಹೋಗುವುದನ್ನು ಬಿಟ್ಟವು. ಬುಕ್ ಮಾಡುವ ಮುಂಚೆ ಇನ್ನೊಂದು ವಿಷಯ ನೋಡಿಕೊಳ್ಳಿ. ಪಟ್ಟಿಯಲ್ಲಿ ಸ್ಟಾಕ್‌ಹೋಮ್ ಅಂತ ಬರೆದಿದ್ದರೂ ಹಡಗು ಎಷ್ಟೋ ಸಲ ನಿಲ್ಲುವುದು ನೀನಸ್‌ಹಾಮ್ ಅನ್ನುವ ಸಣ್ಣ ಊರಿನಲ್ಲಿ. ಅಲ್ಲಿಂದ ಸ್ಟಾಕ್‌ಹೋಮ್‌ಗೆ ರೈಲಿನಲ್ಲಿ ಒಂದು ಗಂಟೆ. ಬರ್ಲಿನ್ ಅಂತ ಬರೆದಿದ್ದರೆ ಹಡಗು ನಿಲ್ಲುವುದು ವಾರ್ನೆಮ್ಯೂಂಡೆಯಲ್ಲಿ, ಅಲ್ಲಿಂದ ಇನ್ನೂ ಎರಡು ಮೂರು ಗಂಟೆಯ ದಾರಿ. ಟ್ಯಾಲಿನ್ ಹಾಗಲ್ಲ. ಹಡಗಿನ ಮೆಟ್ಟಿಲು ಇಳಿದರೆ ಹಳೇ ಊರಿನ ಗೋಪುರಗಳು ಎದುರಿಗೇ ಕಾಣುತ್ತವೆ. ಕಾಲು ಗಂಟೆ, ಇಪ್ಪತ್ತು ನಿಮಿಷ ನಡೆದರೆ ಕೋಟೆ ಬಾಗಿಲು.

ಇದು ಗೊತ್ತಿಲ್ಲದೆ ನಾವು ಮೊದಲ ಸಲ ಅಪ್ಪ ಅಮ್ಮನಿಗೆ ಹಡಗಿನ ಬಸ್ ಟೂರ್ ತೆಗೆದುಕೊಂಡೆವು. ತಲೆಗೆ 70 ಯೂರೋ. ಅಪ್ಪನಿಗೆ ಮೊಣಕಾಲು ನೋವು, ಬಸ್ ಆದರೆ ಆರಾಮ ಅಂತ ನಮ್ಮ ಲೆಕ್ಕ. ನಾನು ಒಬ್ಬನೇ ನಡೆದು ಹೋದೆ. ಹಾಗಾಗಿ ಅದೇ ದಿನ ಎರಡೂ ಬಗೆಯ ಸುತ್ತಾಟ ನಮ್ಮ ಮನೆಯವರೊಳಗೇ ಆಯಿತು.

ಬಸ್ ಟೂರ್‌ನಲ್ಲಿ ಚೆನ್ನಾಗಿದ್ದದ್ದನ್ನು ಮೊದಲು ಹೇಳುತ್ತೇನೆ. ಗೈಡ್ ಅಲ್ಲಿಯವರೇ, ಐವತ್ತರ ಆಸುಪಾಸಿನ ಹೆಂಗಸು. ಬಸ್ಸು ಹಳೇ ಊರಿನ ಹೊರಗಿನ ಹಾಡು ಹಬ್ಬದ ಮೈದಾನದ ಹತ್ತಿರ ನಿಂತಾಗ ಆಕೆ 1988ರ ಕಥೆ ಹೇಳಿದರಂತೆ. ಸೋವಿಯತ್ ಆಡಳಿತದ ಕೊನೆಯ ವರ್ಷಗಳಲ್ಲಿ ಜನ ಸಾವಿರ ಸಾವಿರವಾಗಿ ಬಂದು ಅಲ್ಲಿ ತಮ್ಮ ಭಾಷೆಯ ಹಾಡು ಹಾಡಿದ್ದು. ಮರುವರ್ಷ ಆಗಸ್ಟ್ 23ರಂದು ಟ್ಯಾಲಿನ್‌ನಿಂದ ರೀಗಾ ದಾಟಿ ಲಿಥುವೇನಿಯಾದ ವಿಲ್ನಿಯಸ್ ತನಕ, 600 ಕಿಲೋಮೀಟರಿಗೂ ಜಾಸ್ತಿ ಉದ್ದಕ್ಕೆ, ಸ್ವಾತಂತ್ರ್ಯ ಬೇಕು ಅಂತ ಜನ ಕೈ ಕೈ ಹಿಡಿದು ನಿಂತದ್ದು. ಆ ಸಾಲಿನಲ್ಲಿ ತಾನೂ ತನ್ನ ತಾಯಿಯೂ ನಿಂತಿದ್ದೆವು ಅಂದರಂತೆ. ಅಮ್ಮ ಸಂಜೆ ಹಡಗಿನ ಊಟದ ಮೇಜಿನಲ್ಲಿ ಇದನ್ನು ನನಗೆ ಎರಡು ಸಲ ಹೇಳಿದರು. ಒಂದು ಊರಿನ ಜನ ತಮ್ಮ ಊರಿನ ಬಗ್ಗೆ ಬಾಯಿಬಿಟ್ಟು ಹೇಳುವುದನ್ನು ಕೇಳುವುದಿದೆಯಲ್ಲ, ಅದು ನನ್ನ ನಡಿಗೆಯಲ್ಲಿ ಸಿಗಲಿಲ್ಲ. ಎರಡನೇ ಸಲವೂ ಸಿಗಲಿಲ್ಲ. ಆ ಒಂದು ವಿಷಯದಲ್ಲಿ ಬಸ್ಸೇ ಗೆದ್ದಿತು.

ಆದರೆ ಆಮೇಲೆ ಕಷ್ಟವಾಯಿತು. ಹಳೇ ಊರಿಗೆ ಎರಡು ಭಾಗ. ಮೇಲೆ ತೂಂಪೆಯಾ ಗುಡ್ಡ, ಕೆಳಗೆ ವ್ಯಾಪಾರಿಗಳ ಪೇಟೆ. ಮೇಲಿನಿಂದ ಕೆಳಗೆ ಇಳಿಯುವ ಎರಡು ಹಳೇ ದಾರಿಗಳ ಹೆಸರು ಉದ್ದ ಕಾಲು, ಗಿಡ್ಡ ಕಾಲು. ಗಿಡ್ಡ ಕಾಲಿನಲ್ಲಿ ಮೆಟ್ಟಿಲು, ಉದ್ದ ಕಾಲಿನಲ್ಲಿ ಇಳಿಜಾರು. ಕಾಲಿಟ್ಟಲ್ಲೆಲ್ಲ ಉರುಟು ಕಲ್ಲು. ಟೂರ್ ಬಸ್ಸು ಜನರನ್ನು ಗುಡ್ಡದ ಮೇಲೆ ಇಳಿಸಿ, ಕೆಳಗೆ ಎಲ್ಲೋ ಹತ್ತಿಸಿಕೊಳ್ಳುತ್ತದೆ. ನಡುವಿನ ದಾರಿ ಎಲ್ಲರೂ ನಡೆಯಲೇಬೇಕು. ನಲವತ್ತು ಜನ, ಮುಂದೆ ನಂಬರ್ ಬೋರ್ಡ್ ಹಿಡಿದ ಒಬ್ಬರು. ಅಪ್ಪ ಒಂದೊಂದೇ ಹೆಜ್ಜೆ ಇಟ್ಟು ಇಳಿಯುವಷ್ಟರಲ್ಲಿ ಗುಂಪು ಮುಂದಿನ ಚೌಕ ದಾಟಿತ್ತು. ಯಾರೂ ನಿಲ್ಲಲಿಲ್ಲ. ಬುಕ್ ಮಾಡುವಾಗ ನಡಿಗೆ ಸುಲಭ ಅಂತಲೇ ಬರೆದಿದ್ದರು. ಅದನ್ನು ನಂಬಿದ್ದು ನನಗೆ ಈಗಲೂ ಬೇಸರ. ಹಿರಿಯರನ್ನು ಕರೆದುಕೊಂಡು ಹೋಗುವವರು ಎಷ್ಟು ದೂರ ನಡೆಯಬೇಕು ಅಂತ ಕೇಳಿದರೆ ಸಾಲದು. ನೆಲ ಹೇಗಿದೆ, ಇಳಿಜಾರು ಇದೆಯಾ, ಕೂರಲು ಜಾಗ ಇದೆಯಾ ಅಂತಲೂ ಕೇಳಿ.

ನನ್ನ ನಡಿಗೆಯ ಕಥೆ ಬೇರೆ. ದಪ್ಪ ಮಾರ್ಗರೆಟ್ ಅಂತ ಕರೆಯುವ ಗುಂಡಗಿನ ಬುರುಜಿನ ಪಕ್ಕದ ಬಾಗಿಲಿನಿಂದ ಒಳಗೆ ಹೋದೆ. ಅಲ್ಲಿಂದ ಪಿಕ್ ರಸ್ತೆ ನೇರವಾಗಿ ಪೇಟೆಯ ಒಳಕ್ಕೆ ಹೋಗುತ್ತದೆ. ಮಧ್ಯಯುಗದಲ್ಲಿ ಉತ್ತರ ಯುರೋಪಿನ ವ್ಯಾಪಾರಿ ಊರುಗಳು ಕಟ್ಟಿಕೊಂಡಿದ್ದ ಹಾನ್ಸಾ ಒಕ್ಕೂಟದ ಕಾಲದ ವ್ಯಾಪಾರಿಗಳ ಮನೆಗಳು ಇವು. ಅಟ್ಟದ ನೆತ್ತಿಯಲ್ಲಿ ಮೂಟೆ ಎಳೆಯಲು ರಾಟೆ ತೂಗುಹಾಕುವ ತೊಲೆ ಈಗಲೂ ಕೆಲವು ಮನೆಗಳಲ್ಲಿ ಚಾಚಿಕೊಂಡಿದೆ. ಉಪ್ಪು, ಧಾನ್ಯ ಎಲ್ಲ ಮೇಲೆ, ಸಂಸಾರ ಕೆಳಗೆ. ನೋಡಬೇಕು ಅಂತ ಆಸೆಯಾಯಿತು, ಆದರೆ ನಿಲ್ಲಲು ಆಗಲಿಲ್ಲ. ಅವತ್ತು ಬಂದರಿನಲ್ಲಿ ನಾಲ್ಕು ಹಡಗು. ಪುರಭವನದ ಚೌಕದಲ್ಲಿ ಗೈಡ್‌ಗಳು ಎತ್ತಿ ಹಿಡಿದ ಒಂದು ಬಣ್ಣದ ಛತ್ರಿಯ ಹಿಂದೆ ಇನ್ನೊಂದು ಬಣ್ಣದ ಛತ್ರಿ. 1404ರಲ್ಲಿ ಕಟ್ಟಿ ಮುಗಿಸಿದ ಪುರಭವನವನ್ನು ನೋಡಿದ್ದಕ್ಕಿಂತ ಮುಂದಿನವರ ತಲೆ ನೋಡಿದ್ದೇ ಜಾಸ್ತಿ. ಗುಡ್ಡದ ಮೇಲಿನ ಪಾಟ್ಕುಲಿ ಕಟ್ಟೆಯಿಂದ ಇಡೀ ಊರು, ಬಂದರು, ಸಮುದ್ರ ಕಾಣುತ್ತದೆ ಅಂತ ಓದಿದ್ದೆ. ಕಟ್ಟೆಯ ಅಂಚಿಗೆ ಹೋಗಲು ಸಾಲು. ಫೋಟೋ ತೆಗೆದುಕೊಂಡೆ, ಗಡಿಯಾರ ನೋಡಿದೆ, ಇಳಿದೆ.

ಕ್ರೂಸ್‌ನ ದಿನ ಅಂದರೆ ಗಡಿಯಾರದ ದಿನ. ಹಡಗು ಹೊರಡುವುದು ಐದಕ್ಕೆ, ನಾವು ನಾಲ್ಕೂವರೆಗೆ ಒಳಗಿರಬೇಕು. ಇಲ್ಲೊಂದು ಅಪಾಯವಿದೆ. ಎಸ್ಟೋನಿಯಾ, ಫಿನ್ಲೆಂಡ್ ಎರಡೂ ಡೆನ್ಮಾರ್ಕ್, ಸ್ವೀಡನ್‌ಗಿಂತ ಒಂದು ಗಂಟೆ ಮುಂದೆ. ನಮ್ಮ ಹಡಗಿನಲ್ಲಿ ಗಡಿಯಾರ ಮುಂದಿಡಿ ಅಂತ ಸ್ಟಾಕ್‌ಹೋಮ್ ಬಿಟ್ಟ ರಾತ್ರಿ ಹೇಳಿದ್ದರು. ಅಮ್ಮ ತಮ್ಮ ಕೈಗಡಿಯಾರ ತಿರುಗಿಸಿರಲಿಲ್ಲ. ಟೂರ್ ಮುಗಿದ ಮೇಲೆ ಇಬ್ಬರೂ ಬಂದರಿನ ಹತ್ತಿರದ ಅಂಗಡಿಯೊಂದರಲ್ಲಿ ಇನ್ನೂ ಬೇಕಾದಷ್ಟು ಹೊತ್ತಿದೆ ಅಂತ ನಿಧಾನವಾಗಿ ಸ್ವೆಟರ್ ನೋಡುತ್ತಿದ್ದರು. ನಾನು ಹುಡುಕಿಕೊಂಡು ಹೋದಾಗ ಹಡಗಿನ ಬಾಗಿಲು ಮುಚ್ಚಲು ಇಪ್ಪತ್ತು ನಿಮಿಷ ಉಳಿದಿತ್ತು. ಅಪ್ಪನ ಕೈ ಹಿಡಿದು ನಡೆಸಿಕೊಂಡು ಬಂದ ಆ ದಾರಿ ಮರೆಯುವ ಹಾಗಿಲ್ಲ. ಕೆಲವು ಹಡಗುಗಳು ತಮ್ಮ ಗಡಿಯಾರ ಬದಲಿಸುವುದೇ ಇಲ್ಲ. ಇಳಿಯುವಾಗ ಬಾಗಿಲಲ್ಲಿ ಹಾಕಿರುವ ಹೊತ್ತನ್ನೂ ನಿಮ್ಮ ಕೈಯಲ್ಲಿರುವ ಹೊತ್ತನ್ನೂ ಒಮ್ಮೆ ತಾಳೆ ನೋಡಿ.

ಅಷ್ಟಾದರೂ ಹಡಗಿನ ಬಗ್ಗೆ ಅಪ್ಪ ಅಮ್ಮನಿಗೆ ದೂರಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಒಮ್ಮೆ ಪೆಟ್ಟಿಗೆ ಬಿಚ್ಚಿ ಜೋಡಿಸಿದರೆ ಏಳು ದಿನ ಮತ್ತೆ ಕಟ್ಟುವ ಗೋಜಿಲ್ಲ. ಸಸ್ಯಾಹಾರ ಅಂತ ಮುಂಚೆಯೇ ಬರೆದು ತಿಳಿಸಿದ್ದಕ್ಕೆ ಬೇಳೆ, ಪಲ್ಯ, ಅನ್ನ ದಿನವೂ ಸಿಕ್ಕಿತು. ಮೊಸರಿಗೂ ಬರವಿರಲಿಲ್ಲ. ರಾತ್ರಿ ಹತ್ತಕ್ಕೂ ಬೆಳಕಿರುವ ಆಕಾಶದ ಕೆಳಗೆ ಇಬ್ಬರೂ ಡೆಕ್‌ನಲ್ಲಿ ಶಾಲು ಹೊದ್ದು ಕೂರುತ್ತಿದ್ದರು. ಬಾಲ್ಟಿಕ್ ಆ ವಾರ ಕೆರೆಯ ಹಾಗೆ ಇತ್ತು. ನಲವತ್ತು ವರ್ಷ ಮನೆ, ಕೆಲಸ ಅಂತ ಓಡಾಡಿದ ಇಬ್ಬರು ಸುಮ್ನೆ ನೀರು ನೋಡುತ್ತಾ ಕೂತದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

ಈಗ ಫೆರ್ರಿ. ಹೆಲ್ಸಿಂಕಿಯಿಂದ ಟ್ಯಾಲಿನ್‌ಗೆ ಸಮುದ್ರದಲ್ಲಿ ಸುಮಾರು 80 ಕಿಲೋಮೀಟರ್. ವೇಗದ ಹಡಗುಗಳು ಎರಡು ಗಂಟೆಯಲ್ಲಿ ಮುಟ್ಟಿಸುತ್ತವೆ. ನಾವು ಹತ್ತಿದ್ದು ಕಟಾಯನೋಕ್ಕ ದಂಡೆಯಿಂದ ಹೊರಡುವ ವೈಕಿಂಗ್ ಎಕ್ಸ್‌ಪಿಆರ್‌ಎಸ್ ಅನ್ನುವ ಫೆರ್ರಿ, ಅದಕ್ಕೆ ಎರಡೂವರೆ ಗಂಟೆ. ಅರ್ಧ ಗಂಟೆ ಜಾಸ್ತಿಯಾದರೂ ನಾನು ಇದನ್ನೇ ಹತ್ತಿ ಅನ್ನುತ್ತೇನೆ. ಹೊರಟ ಸ್ವಲ್ಪ ಹೊತ್ತಿಗೆ ಸುವೊಮೆನ್ಲಿನ್ನಾ ಕೋಟೆಯ ದ್ವೀಪಗಳು ಬರುತ್ತವೆ. ಸ್ವೀಡನ್ನಿನವರು 1748ರಲ್ಲಿ ಕಟ್ಟಲು ಶುರುಮಾಡಿದ ಕೋಟೆ. ಕೋಟೆಯ ದಂಡೆಯಲ್ಲಿ ಕೂತು ಊಟ ಮಾಡುತ್ತಿದ್ದ ಮಕ್ಕಳು ನಮಗೆ ಕೈ ಬೀಸಿದರು. ಮುಖ ಕಾಣುವಷ್ಟು ಹತ್ತಿರ.

ಫೆರ್ರಿಯಲ್ಲಿ ಪ್ರವಾಸಿಗರು ಕಡಿಮೆ. ಟ್ಯಾಲಿನ್‌ಗೆ ಮನೆಗೆ ಹೋಗುವ ಕಟ್ಟಡ ಕೆಲಸದವರು, ಹೆಲ್ಸಿಂಕಿಯ ಅಜ್ಜಿಯಂದಿರು, ಮಡಚುವ ತಳ್ಳುಗಾಡಿ ಹಿಡಿದ ಗಂಡಸರು. ಮದ್ಯ ಆ ದಡದಲ್ಲಿ ಅಗ್ಗ ಅಂತ ಫಿನ್ಲೆಂಡಿನವರು ಗಾಡಿ ತುಂಬಿಸಿಕೊಂಡು ಬರುವುದು ಹಳೇ ರೂಢಿ ಅಂತ ಭಾವ ಹೇಳಿದರು. ನಮ್ಮ ಕಡೆ ಸಂತೆಗೆ ಹೋಗುವ ಬಸ್ಸಿನ ಗದ್ದಲವೇ ಇದು. ಊಟದ ವಿಷಯದಲ್ಲಿ ಮಾತ್ರ ಕ್ರೂಸೇ ಮೇಲು. ಫೆರ್ರಿಯಲ್ಲಿ ನಮಗೆ ಸಿಕ್ಕಿದ್ದು ಕಾಫಿ, ಬನ್ನು, ಆಲೂಗಡ್ಡೆ. ಅಕ್ಕ ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದಳು, ಅದೇ ಕಾಪಾಡಿತು.

ಮಧ್ಯಾಹ್ನ ಇಳಿದು ರೂಮಿನಲ್ಲಿ ಚೀಲ ಇಟ್ಟೆವು. ಹಳೇ ಊರು ಸಂಜೆಗಿರಲಿ ಅಂತ ಕೋಟೆ ಗೋಡೆಯ ಹೊರಗೆ ಕಲಾಮಾಯಾ ಕಡೆ ನಡೆದೆವು. ಹೆಸರಿನ ಅರ್ಥವೇ ಮೀನಿನ ಮನೆ, ಹಳೇ ಬೆಸ್ತರ ಕೇರಿ. ಈಗ ಮರದ ಮನೆಗಳ ಶಾಂತವಾದ ಬೀದಿಗಳು. ಅದರಾಚೆ ಲೆನ್ನುಸಾದಮ್, ಸಮುದ್ರ ವಿಮಾನಗಳಿಗೆ ಅಂತ ನೂರು ವರ್ಷದ ಹಿಂದೆ ಕಟ್ಟಿದ ಮೂರು ಗುಮ್ಮಟದ ಕಾಂಕ್ರೀಟ್ ಕಟ್ಟಡ. ಒಳಗೆ ಒಂದೂ ಕಂಬವಿಲ್ಲ. 1936ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿಸಿ ತಂದ ಲೆಂಬಿಟ್ ಅನ್ನುವ ಜಲಾಂತರ್ಗಾಮಿ ಅಲ್ಲಿದೆ, ಅದರ ಹೊಟ್ಟೆಯೊಳಗೆ ನಡೆದಾಡಬಹುದು. ಭಾವ ಅಲ್ಲಿಂದ ಹೊರಡಲು ಒಪ್ಪಲೇ ಇಲ್ಲ. ನಮಗೆ ಅವಸರವೂ ಇರಲಿಲ್ಲ. ಕ್ರೂಸ್‌ನ ದಿನದಲ್ಲಿ ಇಲ್ಲಿಗೆ ಬಂದಿದ್ದರೆ ಹಳೇ ಊರು ಕೈಬಿಡಬೇಕಿತ್ತು.

ರೈಲು ನಿಲ್ದಾಣದ ಪಕ್ಕದ ಮಾರುಕಟ್ಟೆಯಲ್ಲಿ ಕಾಮಾ ಸಿಕ್ಕಿತು. ಬಾರ್ಲಿ, ರೈ, ಓಟ್ಸ್, ಬಟಾಣಿ ಹುರಿದು ಬೀಸಿದ ಹಿಟ್ಟು. ಹುಳಿ ಮಜ್ಜಿಗೆಯಂಥ ಕೆಫಿರ್‌ನಲ್ಲಿ ಕಲಸಿ ಕುಡಿಯುತ್ತಾರೆ. ಒಂದು ಗುಟುಕು ಕುಡಿದ ಅಕ್ಕ, "ಇದು ಅಜ್ಜಿ ಮಾಡ್ತಿದ್ದ ರಾಗಿ ಹುರಿಹಿಟ್ಟೇ ಅಲ್ವಾ" ಅಂದಳು. ಬಣ್ಣ ಬೇರೆ, ವಾಸನೆ ಅದೇ. ಎರಡು ಪೊಟ್ಟಣ ಕೊಂಡೆ. ಸಸ್ಯಾಹಾರಿಗಳಿಗೆ ಈ ಊರಿನಲ್ಲಿ ಕಾಮಾ, ಕಪ್ಪು ರೈ ಬ್ರೆಡ್ಡು, ಬೆಣ್ಣೆ ಇದ್ದರೆ ದಿನ ಕಳೆಯುತ್ತದೆ.

ಐದು ಗಂಟೆಯ ಹೊತ್ತಿಗೆ ಪಾಟ್ಕುಲಿ ಕಟ್ಟೆಗೆ ಹತ್ತಿದೆವು. ಕೆಳಗೆ ಬಂದರಿನಲ್ಲಿ ದೊಡ್ಡದೊಂದು ಬಿಳಿ ಹಡಗು ಹೊರಡಲು ಸಿದ್ಧವಾಗಿತ್ತು. ಭೋಂಕಾರ ಕೇಳಿಸಿತು. ಅದು ತಿರುಗಿ ಸಮುದ್ರಕ್ಕೆ ಮುಖ ಮಾಡುವ ತನಕ ನೋಡಿದೆ. ಹೋದ ವರ್ಷ ಇದೇ ಹೊತ್ತಿಗೆ ನಾನು ಅಂಥದ್ದೇ ಒಂದರ ಡೆಕ್‌ನಲ್ಲಿ ನಿಂತು ಈ ಗುಡ್ಡವನ್ನು ನೋಡುತ್ತಿದ್ದೆ. ಏಳರ ಹೊತ್ತಿಗೆ ಪಿಕ್ ರಸ್ತೆ ಹೆಚ್ಚುಕಡಿಮೆ ಖಾಲಿ. ಸೈಕಲ್ ತಳ್ಳಿಕೊಂಡು ಹೋಗುವ ಹುಡುಗಿ, ಕಿಟಕಿಯಿಂದ ಬರುವ ಪಿಯಾನೋ ಸದ್ದು. ಮೂಟೆ ಎಳೆಯುವ ಆ ತೊಲೆಗಳನ್ನು ಒಂದೊಂದಾಗಿ ನಿಂತು ನೋಡಿದೆ. 59ನೇ ನಂಬರಿನ ಕಟ್ಟಡ ಸೋವಿಯತ್ ಕಾಲದಲ್ಲಿ ಗುಪ್ತ ಪೊಲೀಸರಾದ ಕೆಜಿಬಿಯ ಕಚೇರಿಯಾಗಿತ್ತು. ಅದರ ನೆಲಮಾಳಿಗೆಯ ಕಿಟಕಿಗಳನ್ನು ಇಟ್ಟಿಗೆ ಹಾಕಿ ಮುಚ್ಚಿದ್ದಾರೆ, ಒಳಗಿನ ಸದ್ದು ಬೀದಿಗೆ ಕೇಳದಿರಲಿ ಅಂತ. ಮೊದಲ ಸಲ ಅದರ ಮುಂದೆಯೇ ಹೋಗಿದ್ದೆ, ಕಂಡಿರಲಿಲ್ಲ.

ದಪ್ಪ ಮಾರ್ಗರೆಟ್ ಬುರುಜಿನ ಪಕ್ಕದ ಹುಲ್ಲಿನ ದಿಬ್ಬದಲ್ಲಿ ಕಪ್ಪು ಉಕ್ಕಿನ ಒಂದು ಕಮಾನಿದೆ. ನಡುವೆ ಕಡಿದುಹೋಗಿ ಎರಡು ತುದಿ ಕೂಡುವುದೇ ಇಲ್ಲ. 1994ರ ಸೆಪ್ಟೆಂಬರ್ 28ರಂದು ಟ್ಯಾಲಿನ್‌ನಿಂದ ಸ್ಟಾಕ್‌ಹೋಮ್‌ಗೆ ಹೊರಟಿದ್ದ ಎಸ್ಟೋನಿಯಾ ಅನ್ನುವ ಫೆರ್ರಿ ಮುಳುಗಿ 852 ಜನ ಸತ್ತರು. ಅವರ ನೆನಪಿನ ಕಮಾನು ಇದು. ಯಾರೋ ಹೂವು ಇಟ್ಟು ಹೋಗಿದ್ದರು. ಅಲ್ಲಿಂದ ಬಂದರು ಕಾಣುತ್ತದೆ, ಒಂದರ ಹಿಂದೆ ಒಂದು ಫೆರ್ರಿ ಬರುವುದೂ ಕಾಣುತ್ತದೆ. ನಾವು ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹತ್ತೂವರೆ ದಾಟಿದ ಮೇಲೆ ಸೂರ್ಯ ಮುಳುಗಿದ. ಆಮೇಲೂ ಪುಸ್ತಕ ಓದುವಷ್ಟು ಬೆಳಕು.

ಹಾಗಾದರೆ ಯಾವುದು? ಭಾರತದಿಂದ ಮೊದಲ ಸಲ, ಹಿರಿಯರ ಜೊತೆ, ಒಂದೇ ವಾರದಲ್ಲಿ ಉತ್ತರ ಯುರೋಪು ನೋಡಬೇಕು ಅಂದರೆ ಕ್ರೂಸ್ ಹಿಡಿಯಿರಿ. ಟ್ಯಾಲಿನ್‌ನಲ್ಲಿ ಮಾತ್ರ ಹಡಗಿನ ಟೂರ್ ಬೇಡ. ಟ್ಯಾಕ್ಸಿಯಲ್ಲಿ ಗುಡ್ಡದ ಮೇಲೆ ಹೋಗಿ, ಟ್ಯಾಕ್ಸಿಯಲ್ಲೇ ಇಳಿಯಿರಿ. ಟ್ಯಾಲಿನ್ ಅನ್ನುವ ಊರೇ ಬೇಕು ಅಂದರೆ ಫೆರ್ರಿ, ಅದೂ ರಾತ್ರಿ ಉಳಿಯುವ ಹಾಗೆ. ಬೆಳಿಗ್ಗೆ ಹೋಗಿ ಸಂಜೆ ಬರುವ ಫೆರ್ರಿ ಟಿಕೆಟ್ಟೂ ಇದೆ, ಅದರಲ್ಲಿ ಕ್ರೂಸ್‌ನ ಅವಸರವೇ ಇರುತ್ತದೆ.

ಊರಿಗೆ ಬಂದ ಮೇಲೆ ಪಾಟ್ಕುಲಿಯ ಸಂಜೆಯ ಫೋಟೋ ಅಪ್ಪನಿಗೆ ತೋರಿಸಿದೆ. ತುಂಬ ಹೊತ್ತು ನೋಡಿದರು. "ಈ ಜಾಗ ನಮಗೆ ತೋರಿಸಲೇ ಇಲ್ಲವಲ್ಲ" ಅಂದರು. ತೋರಿಸಿದ್ದರು. ಜನರ ಹಿಂದೆ ನಿಂತಿದ್ದ ಅಪ್ಪನಿಗೆ ಅದು ಕಾಣಿಸಿರಲಿಲ್ಲ, ಅಷ್ಟೇ. ಬರುವ ಬೇಸಿಗೆಗೆ ಅಕ್ಕ ಗುಡ್ಡದ ಮೇಲೆಯೇ, ಮೆಟ್ಟಿಲಿಲ್ಲದ ರೂಮು ಹುಡುಕುತ್ತಿದ್ದಾಳೆ. ಎರಡು ರಾತ್ರಿಗೆ, ನಾಲ್ಕು ಜನಕ್ಕೆ.