ಟಕ್ ಅನ್ನುವ ಬ್ರಷ್: ನಮ್ಮ ಪುರಿ ಜೊತೆ 14 ತಿಂಗಳು

ನಮ್ಮ ನಾಯಿ ಪುರಿಗೆ ಅಂತ ತರಿಸಿದ, ಕೂದಲು ಬಾಚುವ ಈ ಬ್ರಷ್ ಬಂದ ಮೊದಲ ವಾರವೇ ಒಂದು ಸ್ಟಾರ್ ಕೊಟ್ಟು ಚೆನ್ನಾಗಿ ಬಯ್ದು ಬರೆಯೋಣ ಅಂತ ಕೂತಿದ್ದೆ. ಅಷ್ಟರಲ್ಲಿ ಫೋನ್ ಚಾರ್ಜ್ ಮುಗಿಯಿತು, ಆಮೇಲೆ ಮರೆತೇ ಹೋಯಿತು. ಈಗ 14 ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಬಯ್ಯುವುದು ಇನ್ನೂ ಬಾಕಿ ಇದೆ. ಆದರೆ ಆಗ ಬಯ್ಯಬೇಕು ಅಂದುಕೊಂಡಿದ್ದ ಕಾರಣವೇ ಬೇರೆ.

ಹಲ್ಲು ಎಷ್ಟು ಉದ್ದ, ಹಿಡಿ ಯಾವ ಪ್ಲಾಸ್ಟಿಕ್ ಅನ್ನುವುದೆಲ್ಲ ಡಬ್ಬದ ಮೇಲೇ ಇರುತ್ತದೆ, ಬಿಡಿ. ತಂತಿ ಹಲ್ಲಿನ ಬ್ರಷ್, ಬೆನ್ನಿಗೊಂದು ಬಟನ್. ಒತ್ತಿದರೆ ಹಲ್ಲು ಒಳಗೆ ಹೋಗಿ, ಸಿಕ್ಕಿಕೊಂಡ ಕೂದಲು ಒಂದು ಪದರವಾಗಿ ಬಿಟ್ಟುಕೊಳ್ಳುತ್ತದೆ. ನಾನು ಕೊಟ್ಟಿದ್ದು 449 ರೂಪಾಯಿ. ಇದೇ ಅಚ್ಚಿನದು ಹತ್ತಾರು ಹೆಸರಲ್ಲಿ ಸಿಗುತ್ತದೆ, ಹಾಗಾಗಿ ಹೆಸರು ಹೇಳುವುದಿಲ್ಲ.

ತೊಂದರೆ ಇರುವುದು ಆ ಬಟನ್‌ನಲ್ಲಿ. ಒತ್ತಿದರೆ 'ಟಕ್' ಅನ್ನುತ್ತದೆ. ಅಂಗಡಿಯಲ್ಲಿ ಕೇಳಿದರೆ ಇದೇನು ದೊಡ್ಡ ಶಬ್ದ ಅನಿಸುತ್ತದೆ. ಭಯಸ್ಥ ಮರಿ ಇರುವ ಮನೆಯಲ್ಲಿ ಒಂದು ಸಲ ಒತ್ತಿ ನೋಡಿ.

ನಮ್ಮದು ಶಿಡ್ಲಘಟ್ಟ. ಪುರಿ ಹುಟ್ಟಿದ್ದು ನಮ್ಮ ಭಾವನವರ ರೇಷ್ಮೆ ನೂಲು ಬಿಚ್ಚುವ ಶೆಡ್ ಹಿಂದೆ. ಕಡ್ಲೆಪುರಿ ಹಾಗೆ ಬೆಳ್ಳಗೆ, ಹಗುರಕ್ಕೆ ಇದ್ದಳು, ಅದಕ್ಕೇ ಆ ಹೆಸರು. ಬೀದಿಯವರೆಲ್ಲ ಪಾಮೇರಿಯನ್ ಅನ್ನುತ್ತಾರೆ, ಪಶು ಆಸ್ಪತ್ರೆಯ ಡಾಕ್ಟರ್ ಇಂಡಿಯನ್ ಸ್ಪಿಟ್ಜ್ ಅಂದರು. ಮನೆಗೆ ಬಂದಾಗ ಒಂಬತ್ತು ವಾರದ ಮರಿ. ಗೂಡು ಬೇಯಿಸಿದ ನೀರಿನ ವಾಸನೆ, ಹುಳದ ವಾಸನೆ ಎರಡೂ ಮೈಗೆ ಮೆತ್ತಿಕೊಂಡಿದ್ದವು. ನಮ್ಮೂರಿನವರಿಗೆ ಆ ವಾಸನೆ ಗೊತ್ತು, ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಸ್ನಾನ ಮಾಡಿಸಿ, ಒಣಗಿಸಿ, ಹೊಸ ಬ್ರಷ್ ತೆಗೆದೆ.

ಮೊದಲ ದಿನ ಎಲ್ಲವನ್ನೂ ತಪ್ಪಾಗಿ ಮಾಡಿದೆ. ಎರಡು ಕಾಲಿನ ಮಧ್ಯೆ ಮರಿಯನ್ನು ಹಿಡಿದುಕೊಂಡೆ. ಕತ್ತಿನಿಂದ ಬಾಲದವರೆಗೆ ಹತ್ತು ಸಲ ಎಳೆದೆ. ನಡುಗುತ್ತಿದ್ದಳು, ಚಳಿ ಅಂದುಕೊಂಡೆ. ಆಮೇಲೆ ಅವಳ ಕಿವಿ ಪಕ್ಕದಲ್ಲೇ ಬಟನ್ ಒತ್ತಿದೆ. ಟಕ್. ಕೈಯಿಂದ ಜಾರಿ ದಿವಾನ ಕೆಳಗೆ ಸೇರಿದವಳು ರಾತ್ರಿ ಮೊಸರನ್ನಕ್ಕೂ ಬರಲಿಲ್ಲ.

ಅಲ್ಲಿಗೇ ಮುಗಿದಿದ್ದರೆ ಪರವಾಗಿಲ್ಲ. ಮಾರನೇ ದಿನ ಬೆಳಿಗ್ಗೆ ಕಾಫಿಗೆ ಗ್ಯಾಸ್ ಲೈಟರ್ ಒತ್ತಿದೆ. ಅದೂ 'ಟಕ್'. ಪುರಿ ಮತ್ತೆ ದಿವಾನ ಕೆಳಗೆ. ಒಂದು ತಿಂಗಳು ನಮ್ಮ ಮನೆಯಲ್ಲಿ ಒಲೆ ಹಚ್ಚಿದ್ದು ಬೆಂಕಿಪೊಟ್ಟಣದಿಂದ. ಅತ್ತೆ ದಿನಾ ಹೇಳೋರು, "ನಾನೂರೈವತ್ತು ರೂಪಾಯಿ ಕೊಟ್ಟು ಮನೆಗೆ ಶನಿ ತಂದೆಯಲ್ಲಮ್ಮಾ."

ಲಸಿಕೆಗೆ ಹೋದಾಗ ಡಾಕ್ಟರನ್ನು ಕೇಳಿದೆ. "ಬ್ರಷ್ ಪಕ್ಕಕ್ಕಿಡಿ ಮೇಡಂ, ಮೊದಲು ನಿಮ್ಮ ಕೈ ಅಭ್ಯಾಸ ಆಗಲಿ" ಅಂದರು. ಮರಿಗಳು ಮೂರನೇ ವಾರದಿಂದ ಸುಮಾರು 14ನೇ ವಾರದವರೆಗೆ ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತವಂತೆ. ಆ ವಯಸ್ಸಿನಲ್ಲಿ ಹೆದರಿದ್ದು ಅಷ್ಟೇ ಗಟ್ಟಿಯಾಗಿ ಉಳಿಯುತ್ತದಂತೆ. ಇನ್ನೂ ಒಂದು ಮಾತು ಹೇಳಿದರು. ಬ್ರಷ್ ಮೊದಲು ಕಾಣಬೇಕು, ತಿಂಡಿ ಆಮೇಲೆ. ನಾನು ಉಲ್ಟಾ ಮಾಡುತ್ತಿದ್ದೆ. ತಿಂಡಿ ತೋರಿಸಿ ಕರೆದು, ಬಂದ ಮೇಲೆ ಬ್ರಷ್ ತೆಗೆಯುತ್ತಿದ್ದೆ. ಹಾಗೆ ಮಾಡಿದರೆ ಮೊಟ್ಟೆ ಚೂರು ಕಂಡರೂ ಓಡುವ ನಾಯಿ ತಯಾರಾಗುತ್ತದೆ. ನಮ್ಮಲ್ಲಿ ಹೆಚ್ಚುಕಮ್ಮಿ ತಯಾರಾಗಿತ್ತು.

ಸಂಜೆ ದೀಪ ಹಚ್ಚಿದ ಮೇಲೆ ಹಜಾರದಲ್ಲಿ ಗೋಣಿಚೀಲ ಹಾಸುವುದು ಆಗ ಶುರುವಾಯಿತು. ಚೀಲ ಯಾಕೆ ಅಂದರೆ ನೆಲ ನುಣುಪು, ಕಾಲು ಜಾರಿದರೆ ಮರಿಗೆ ಇನ್ನೂ ಗಾಬರಿ. ಮೊದಲ ವಾರ ಬ್ರಷ್ ಸುಮ್ನೆ ಚೀಲದ ಮೇಲೆ ಬಿದ್ದಿರುತ್ತಿತ್ತು. ಅವಳು ಅದರ ಕಡೆ ನೋಡಿದರೆ ಬೇಯಿಸಿದ ಮೊಟ್ಟೆಯ ಒಂದು ಚೂರು. ಮೂಸಿದರೆ ಇನ್ನೊಂದು. ಎರಡನೇ ವಾರ ಬ್ರಷ್‌ನ ಹಲ್ಲಿಲ್ಲದ ಬೆನ್ನನ್ನು ಭುಜಕ್ಕೆ ಮುಟ್ಟಿಸಿದೆ, ಅಷ್ಟೇ. ಆಮೇಲೆ ಹಲ್ಲಿನ ಕಡೆಯಿಂದ ಒಂದೇ ಒಂದು ಎಳೆತ, ನಿಲ್ಲಿಸುವುದು. ಮೂರು ಎಳೆತ, ನಿಲ್ಲಿಸುವುದು. ಅವಳು ಎದ್ದು ಹೋಗುವ ಮುಂಚೆಯೇ ನಾನು ನಿಲ್ಲಿಸಬೇಕು, ಅದೇ ಕಷ್ಟ. ನಿದ್ದೆ ಬರದಿದ್ದರೂ ಆಕಳಿಸುವುದು, ಮೂಗು ನೆಕ್ಕಿಕೊಳ್ಳುವುದು, ಮುಖ ಆ ಕಡೆ ತಿರುಗಿಸಿ ಕಣ್ಣಂಚಿನ ಬಿಳಿ ಕಾಣುವ ಹಾಗೆ ನೋಡುವುದು, ಇದೆಲ್ಲ 'ಸಾಕು' ಅನ್ನುವ ಮಾತು. ನಾನು ಇಷ್ಟು ದಿನ ಅದನ್ನು ಮುದ್ದು ಅಂದುಕೊಂಡು ಫೋಟೋ ತೆಗೆಯುತ್ತಿದ್ದೆ!

ಮೊಟ್ಟೆಗಿಂತ ಕೆಲಸಕ್ಕೆ ಬಂದಿದ್ದು ಮೊಸರು. ಸ್ಟೀಲ್ ತಟ್ಟೆ ಬೋರಲು ಹಾಕಿ, ಅದರ ಬೆನ್ನಿಗೆ ಗಟ್ಟಿ ಮೊಸರು ತೆಳ್ಳಗೆ ಸವರಿ ಮುಂದಿಡುತ್ತೇನೆ. ನೆಕ್ಕಿ ಮುಗಿಸಲು ಎರಡು ನಿಮಿಷ ಬೇಕು. ಆ ಎರಡು ನಿಮಿಷ ಬೆನ್ನು ನನ್ನದು. ಕಾಲು, ಬಾಲ, ಹೊಟ್ಟೆಯ ತಂಟೆಗೆ ಮೂರು ತಿಂಗಳು ಹೋಗಲಿಲ್ಲ. ತಿಂಡಿ ಅಂತ ಸಿಕ್ಕಿದ್ದೆಲ್ಲ ಕೊಡುವ ಹಾಗಿಲ್ಲ. ಒಂದು ದಿನ ಪಕ್ಕದ ಮನೆ ಹುಡುಗ ಪ್ರೀತಿಯಿಂದ ಪುರಿಗೆ ದ್ರಾಕ್ಷಿ ಕೊಡಲು ಬಂದಿದ್ದ, ಹೆಚ್ಚುಕಮ್ಮಿ ಅವಳ ಬಾಯಿಂದ ಕಿತ್ತುಕೊಂಡೆ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ದ್ರಾಕ್ಷಿ ತೋಟಕ್ಕೆ ಬರವಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಕಿಡ್ನಿಗೆ ವಿಷ.

ಆ ಬಟನ್‌ಗೆ ಬೇರೆಯದೇ ಪಾಠ ನಡೆಯಿತು. ನಾನು ಅಡುಗೆಮನೆ ಬಾಗಿಲು ಹಾಕಿಕೊಂಡು, ಬ್ರಷ್‌ಗೆ ಟವೆಲ್ ಸುತ್ತಿ ಬಟನ್ ಒತ್ತುವುದು. ಹಜಾರದಲ್ಲಿ ನಮ್ಮೆಜಮಾನ್ರು ತಕ್ಷಣ ಪುರಿಗೆ ಮೊಟ್ಟೆ ಕೊಡುವುದು. ಮೊದಲ ದಿನ ಅವರು ಕೂಗಿದರು, "ಒತ್ತಿದ್ಯಾ?"

"ಆಗ್ಲೇ ಒತ್ತಾಯ್ತು ಕಣ್ರೀ!"

"ನನಗೇನೂ ಕೇಳಿಸಲಿಲ್ಲ. ಇವಳ ಕಿವಿ ಮಾತ್ರ ನಿಂತ್ಕೊಂತು."

ನಮ್ಮ ಕಿವಿ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳುತ್ತದೆ, ನಾಯಿಗೆ 40,000 ದಾಟಿದ್ದೂ ಕೇಳುತ್ತದೆ. ನಮಗೆ ಬರೀ 'ಟಕ್', ಅವಳಿಗೆ ಅದರಲ್ಲಿ ಇನ್ನೇನೇನು ಇತ್ತೋ. ಟವೆಲ್ ಎರಡು ಸುತ್ತಿನಿಂದ ಒಂದು ಸುತ್ತಾಯಿತು, ಬಾಗಿಲು ಸ್ವಲ್ಪ ಸ್ವಲ್ಪ ತೆರೆಯಿತು. ಹಜಾರದವರೆಗೆ ಬರುವಷ್ಟರಲ್ಲಿ ದೀಪಾವಳಿ ಬಂತು. ಮೂರು ದಿನ ಪಟಾಕಿ. ಮತ್ತೆ ದಿವಾನ ಕೆಳಗೆ, ಮತ್ತೆ ಎರಡು ಸುತ್ತು ಟವೆಲ್. ನಿಜ ಹೇಳಬೇಕು ಅಂದರೆ ಆ ವಾರ ಬ್ರಷ್ ಎಸೆಯಲು ಕೈಗೆತ್ತಿಕೊಂಡಿದ್ದೆ.

ಎಸೆಯದೆ ಇದ್ದಿದ್ದಕ್ಕೆ ಕಾರಣ ಕೂದಲು. ಐದನೇ ತಿಂಗಳಲ್ಲಿ ಮರಿಗೂದಲು ಉದುರಲು ಶುರುವಾಯಿತು. ಚಪಾತಿ ಹಿಟ್ಟಿನಲ್ಲೂ ಕೂದಲು. 150 ರೂಪಾಯಿಯ ರಬ್ಬರ್ ಬ್ರಷ್ ತಂದೆ. ಅದು ಪುರಿಗೆ ಬಲು ಇಷ್ಟವಾಯಿತು, ಆದರೆ ಮೇಲಿನ ಕೂದಲನ್ನಷ್ಟೇ ಸವರುತ್ತದೆ. ಈ ಜಾತಿಗೆ ಒಳಗೆ ಹತ್ತಿಯಂಥ ಇನ್ನೊಂದು ಪದರ ಇರುತ್ತದೆ, ಅಲ್ಲಿಗೆ ಹೋಗುವುದು ತಂತಿ ಹಲ್ಲೇ. ನಿಮ್ಮದು ನಾಟಿ ನಾಯಿ, ಮೋಟು ಕೂದಲು ಅಂದರೆ ರಬ್ಬರ್ ಸಾಕು, ದುಡ್ಡು ಉಳಿಸಿ. ತಂತಿಯದನ್ನು ತಂದರೆ ಮೊದಲು ನಿಮ್ಮ ಮೊಣಕೈ ಒಳಭಾಗಕ್ಕೆ ಎಳೆದು ನೋಡಿ. ನನ್ನದರಲ್ಲಿ ಮೂಲೆಯ ನಾಲ್ಕು ಹಲ್ಲಿಗೆ ತುದಿಯ ಗುಂಡು ಇರಲಿಲ್ಲ, ಕೈ ಮೇಲೆ ಕೆಂಪು ಗೀರು ಬಿತ್ತು. ಇಕ್ಕಳದಲ್ಲಿ ಆ ನಾಲ್ಕನ್ನೂ ಕಿತ್ತೆ. 449 ಕೊಟ್ಟವರು ಮಾಡಬೇಕಾದ ಕೆಲಸವಾ ಇದು?

ಕಿವಿ ಹಿಂದಿನ ಸಿಕ್ಕಿಗೆ ಈ ಬ್ರಷ್ ಲಾಯಕ್ಕಿಲ್ಲ. ಎಳೆದರೆ ಕುಯ್ ಅನ್ನುತ್ತಾಳೆ. ಸ್ನಾನ ಮಾಡಿಸಿ ಆಮೇಲೆ ಬಿಡಿಸೋಣ ಅಂದುಕೊಂಡರೆ ನೀರು ತಾಗಿ ಗಂಟು ಇನ್ನೂ ಬಿಗಿಯುತ್ತದೆ. ಅಲ್ಲಿಗೆ ಬಂದಿದ್ದು ನಮ್ಮ ಅತ್ತೆ. "ಮನುಷ್ಯರಿಗೆ ತಲೆ ಬಾಚ್ಕೊಳೋಕೆ ಪುರುಸೊತ್ತಿಲ್ಲ, ನಾಯಿಗೆ ಬಾಚ್ತಾ ಕೂತವಳೆ" ಅಂತ ನನ್ನ ಆಡಿಕೊಳ್ಳುತ್ತಿದ್ದವರೇ ಒಂದು ದಿನ ಬಂದು ಪಕ್ಕದಲ್ಲಿ ಕೂತರು. ಅವರು ಇಪ್ಪತ್ತು ವರ್ಷ ಶೆಡ್‌ನಲ್ಲಿ ಬಿಸಿನೀರಿನ ಬಾಣಲೆ ಮುಂದೆ ಕೂತು ಗೂಡಿನ ಎಳೆ ಹುಡುಕಿದವರು. ಎರಡು ಹನಿ ಕೊಬ್ಬರಿ ಎಣ್ಣೆ ಬೆರಳಿಗೆ ಹಚ್ಚಿಕೊಂಡರು. ಎಡಗೈಯಲ್ಲಿ ಕೂದಲ ಬುಡ ಹಿಡಿದು, ಬಲಗೈ ಹೆಬ್ಬೆರಳು ತೋರುಬೆರಳಿನಿಂದ ಗಂಟಿನ ತುದಿಯ ಕಡೆಯಿಂದ ಒಂದೊಂದೇ ಎಳೆ ಬಿಡಿಸುತ್ತಾ ಬಂದರು. ಚರ್ಮಕ್ಕೆ ಎಳೆತವೇ ಗೊತ್ತಾಗಲಿಲ್ಲ. ಹತ್ತು ನಿಮಿಷದಲ್ಲಿ ಪುರಿ ಅವರ ತೊಡೆ ಮೇಲೆ ತಲೆ ಇಟ್ಟಿದ್ದಳು. ಹಾಗೇ ಬೆರಳಾಡಿಸುತ್ತಾ ಕುತ್ತಿಗೆ ಪಟ್ಟಿ ಕೆಳಗೆ ಎರಡು ಉಣ್ಣಿಯನ್ನೂ ಹಿಡಿದರು. ಬ್ರಷ್‌ಗೆ ಅವು ಸಿಕ್ಕಿರಲಿಲ್ಲ.

ಈಗ ಕೊನೆಯ ದೂರು. ಹನ್ನೆರಡನೇ ತಿಂಗಳಲ್ಲಿ ಬಟನ್ ಒಳಗಿನ ಸ್ಪ್ರಿಂಗ್ ಹೋಯಿತು. ಹಲ್ಲು ಹೊರಗೇ ನಿಂತಿವೆ, ಟಕ್ ಇಲ್ಲ. ಮಾರಿದವರಿಗೆ ಫೋನ್ ಮಾಡಿದರೆ ಆರು ತಿಂಗಳಿಗೇ ವಾರಂಟಿ ಮುಗಿದಿದೆ ಅಂದರು. ಕೂದಲನ್ನು ಹಳೇ ಬಾಚಣಿಗೆಯಿಂದ ಕಿತ್ತು ತೆಗೆಯುತ್ತೇನೆ, ಅದೇನು ದೊಡ್ಡ ಕೆಲಸ ಅಲ್ಲ. ಒಳ್ಳೆಯದೇ ಆಯಿತು, ಪೀಡೆ ತೊಲಗಿತು ಅಂದುಕೊಂಡೆ.

ಪುರಿ ಹಾಗಂದುಕೊಳ್ಳಲಿಲ್ಲ. ಬಾಚಿ ಮುಗಿಯಿತು, ಚೀಲ ಮಡಚಬೇಕು, ಇವಳು ಏಳುತ್ತಿಲ್ಲ. ಬ್ರಷ್ ನೋಡುತ್ತಾಳೆ, ನನ್ನ ಹೆಬ್ಬೆರಳು ನೋಡುತ್ತಾಳೆ. ಟಕ್ ಅಂದರೆ ಮೊಟ್ಟೆ ಅಂತ ಅಷ್ಟು ಕಷ್ಟಪಟ್ಟು ಕಲಿಸಿದವರು ನಾವೇ ಅಲ್ವಾ? ಎರಡು ದಿನ ಹೀಗೇ ಆದ ಮೇಲೆ ನಾನೇ ನಾಲಿಗೆಯಲ್ಲಿ 'ಟಕ್' ಅಂದೆ. ಬಾಲ ಅಲ್ಲಾಡಿತು.

ಮೂರು ಸ್ಟಾರ್. ಹಲ್ಲಿನ ಕೆಲಸಕ್ಕೆ ನಾಲ್ಕು ಕೊಡಬಹುದಿತ್ತು, ಸ್ಪ್ರಿಂಗ್‌ಗೆ ಒಂದು ಕಳೆದಿದ್ದೇನೆ. ಮುಂದಿನ ಸಲ ಬಟನ್ ಇಲ್ಲದ, ಇನ್ನೂರು ರೂಪಾಯಿ ಒಳಗಿನದನ್ನೇ ತರುತ್ತೇನೆ.

ಬೆಂಕಿಪೊಟ್ಟಣ ಮನೆಯಲ್ಲಿ ಈಗ ದೇವರ ದೀಪಕ್ಕೆ ಮಾತ್ರ. ಬೆಳಿಗ್ಗೆ ಅತ್ತೆ ಕಾಫಿಗೆ ಲೈಟರ್ ಒತ್ತಿದರೆ ಸಾಕು, ಪುರಿ ಎದ್ದು ಹೋಗಿ ಮಡಚಿಟ್ಟ ಗೋಣಿಚೀಲದ ಮೇಲೆ ಬೆನ್ನು ತಿರುಗಿಸಿ ಕೂತಿರುತ್ತಾಳೆ.