ಎರಡು ಝೂಮ್, ಒಂದು ಪ್ರೈಮ್: ಕೊಡಗಿನ ಬೆಳಕಿನಲ್ಲಿ ಯಾವುದು ಶಾರ್ಪ್?

ಝೂಮ್ ಅಂದ್ರೆ ಮಬ್ಬು, ಪ್ರೈಮ್ ಅಂದ್ರೆ ಶಾರ್ಪ್. ಫಿಲಂ ಕ್ಯಾಮೆರಾ ಹಿಡಿದವರು ಇವತ್ತಿಗೂ ಹೀಗೇ ಹೇಳ್ತಾರೆ. (ಝೂಮ್ ಅಂದ್ರೆ ಎಂಎಂ ಅಳತೆ, ಅಂದ್ರೆ ಫೋಕಲ್ ಲೆಂತ್, ಬದಲಿಸಬಹುದಾದ ಲೆನ್ಸ್; ಪ್ರೈಮ್‌ಗೆ ಒಂದೇ ಅಳತೆ.) 1963ರಲ್ಲಿ ಬಂದ ನಿಕಾನ್ 43-86 ಎಂಎಂ ಝೂಮ್ ಕಾಲಕ್ಕೆ ಆ ಮಾತು ಸರಿ. ಆಮೇಲೆ ಬಂದ ಝೂಮ್‌ಗಳಿಗೂ ಅದೇ ಮಾತು ಅಂಟಿಸೋದು ಅನ್ಯಾಯ ಅಲ್ವಾ? ಅದಕ್ಕೇ ನನ್ನ ಹತ್ತಿರ ಇದ್ದ ಮೂರು ಮ್ಯಾನುಯಲ್ ನಿಕಾನ್ ಲೆನ್ಸ್‌ಗಳನ್ನು ಜೊತೆಗಿಟ್ಟು ನೋಡಿದೆ: 80-200 ಎಫ್/4.5, ಸೀರೀಸ್ ಇ 75-150 ಎಫ್/3.5, ಮತ್ತೆ 105 ಎಫ್/2.5 ಪ್ರೈಮ್. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಒಳಗೆ ಬಿಡುವ ಬೆಳಕು ಜಾಸ್ತಿ.

ಮೊದಲು ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನ. 1820ರ ಕಟ್ಟಡ. ಗುಮ್ಮಟ, ಮೂಲೆಯ ಗೋಪುರಗಳು, ಎದುರಿನ ಕೊಳದ ಮೆಟ್ಟಿಲು. ಪರೀಕ್ಷೆಗೆ ಬೇಕಾದ ಸಣ್ಣ ಗೆರೆಗಳು ಧಾರಾಳವಾಗಿವೆ. ಟ್ರೈಪಾಡ್, ಕೇಬಲ್ ರಿಲೀಸ್, 100 ಐಎಸ್‌ಒ ಕಪ್ಪು-ಬಿಳುಪು ಫಿಲಂ. ಎರಡೂ ಝೂಮ್‌ಗಳನ್ನು 105ರ ಹತ್ತಿರ ನಿಲ್ಲಿಸಿದೆ. ಎಫ್/8ರಲ್ಲಿ ತೆಗೆದ ನೆಗೆಟಿವ್‌ಗಳನ್ನು ಲೂಪ್ (ಭೂತಗನ್ನಡಿ) ಇಟ್ಟು ನೋಡಿದರೂ ಯಾವುದು ಯಾವ ಲೆನ್ಸಿನದು ಅಂತ ಹೇಳೋದು ಕಷ್ಟ. ಲ್ಯಾಬ್‌ನ ಸಾಮಾನ್ಯ ಸ್ಕ್ಯಾನ್‌ನಲ್ಲಂತೂ ಕೇಳಲೇಬೇಡಿ. ಅಪರ್ಚರ್ (ಬೆಳಕು ಬಿಡುವ ಕಂಡಿ) ಪೂರ್ತಿ ತೆರೆದಾಗ ಮಾತ್ರ ಬಣ್ಣ ಬಯಲಾಯಿತು. 75-150ರಲ್ಲಿ ನಡುಭಾಗ ಚೆನ್ನಾಗಿದೆ, ಅಂಚು ಸ್ವಲ್ಪ ಮೆದು. 80-200ರಲ್ಲಿ 200ರ ತುದಿಗೆ ಹೋದರೆ ಕಾಂಟ್ರಾಸ್ಟ್ ಇಳಿಯುತ್ತದೆ. 105ಕ್ಕೆ ಇದ್ಯಾವುದರ ಗೊಡವೆ ಇಲ್ಲ.

ಆದ್ರೆ ಕೊಡಗಿನಲ್ಲಿ ಬಿಸಿಲಿಗೆ ಟ್ರೈಪಾಡ್ ಇಟ್ಟು ಫೋಟೊ ತೆಗೆಯೋದು ಎಷ್ಟು ಹೊತ್ತು? ಕಾಫಿ ತೋಟದೊಳಗೆ ಹೋದರೆ ಸಿಲ್ವರ್ ಓಕ್ ನೆರಳು. ಬೆಳಗಾದರೆ ಮಂಜು. 200 ಎಂಎಂನಲ್ಲಿ ಕೈ ಅದುರಬಾರದು ಅಂದ್ರೆ ಶಟರ್ ವೇಗ ಕಡಿಮೆ ಅಂದ್ರೂ 1/250 ಸೆಕೆಂಡ್ ಬೇಕು. ಬೆಳಕಿಗೆ ಇನ್ನೂ ಚುರುಕಾದ 400 ಐಎಸ್‌ಒ ಫಿಲಂ ಹಾಕಿದರೂ ಎಫ್/4.5ರಲ್ಲಿ ಅದು ಸಿಗೋದು ಅಪರೂಪ. ವ್ಯೂಫೈಂಡರ್‌ನಲ್ಲಿ ಫೋಕಸ್ ತೋರಿಸುವ ಸ್ಪ್ಲಿಟ್ ಇಮೇಜ್‌ನ ಅರ್ಧ ಬೇರೆ ಕಪ್ಪಾಗ್ತದೆ, ಕಣ್ಣು ಚೂರು ಸರಿದರೂ ಸಾಕು. ತೋಟದಲ್ಲಿ ನನ್ನ ಫೋಟೊ ಕೆಟ್ಟಿದ್ದು ಹೆಚ್ಚಾಗಿ ಗಾಜಿನಿಂದಲ್ಲ, ಅದುರುವಿಕೆ ಮತ್ತು ತಪ್ಪಿದ ಫೋಕಸ್‌ನಿಂದ. ಎರಡು ಝೂಮ್‌ಗಳಲ್ಲಿ ಎಫ್/3.5ರ 75-150 ಇಲ್ಲಿ ಗೆದ್ದಿತು. ಹೂಮಳೆ ಬಿದ್ದು ಕಾಫಿ ಅರಳಿದಾಗ ಅದು 1 ಮೀಟರಿನಷ್ಟು ಹತ್ತಿರ ಬಿಡುತ್ತದೆ. 80-200ಕ್ಕೆ 1.8 ಮೀಟರ್ ಬೇಕು. ಕಾಫಿ ಗಿಡಗಳ ಸಾಲಿನ ನಡುವೆ ಅಷ್ಟು ಹಿಂದೆ ಸರಿಯೋಕೆ ಜಾಗ ಎಲ್ಲಿ?

75-150ರ ಝೂಮ್ ರಿಂಗ್ ಹಳೆಯದಾದಂತೆ ಸಡಿಲ ಆಗೋದು ಎಲ್ಲರಿಗೂ ಗೊತ್ತಿರೋದೇ. ಕೆಳಗೆ ಬಾಗಿಸಿದರೆ ತಾನಾಗಿ ಜಾರುತ್ತದೆ. ಒಳಗೆ ಸಣ್ಣ ಟೇಪ್ ಚೂರು ಅಂಟಿಸಿದರೆ ಸರಿಹೋಗ್ತದೆ.

ದುಬಾರೆಯಲ್ಲಿ ಕಾವೇರಿಯ ಈಚೆ ದಡದಿಂದ ಆನೆಗಳನ್ನು ತೆಗೆಯೋರಿಗೆ 80-200 ಬೇಕೇ ಬೇಕು, ಬಿಸಿಲೂ ಇರುತ್ತದೆ. ರಾಜಾಸೀಟಿನಲ್ಲಿ ಸಂಜೆ ಸೂರ್ಯನಿಗೆ ಎದುರಾಗಿ ನಿಂತರೆ 105ನ್ನೇ ಹಾಕಿ. ಅದರಲ್ಲಿ ಗಾಜು ಐದೇ, ಝೂಮ್‌ಗಳಲ್ಲಿ ಡಜನ್. ಗಾಜು ಜಾಸ್ತಿ ಆದಷ್ಟೂ ಒಳಗೆ ಬೆಳಕು ಚದುರಿ ಫೋಟೊದ ಕಪ್ಪು ಬೂದುಬಣ್ಣ ಆಗುತ್ತದೆ.

ಬೂಷ್ಟಿಗೂ ಅಷ್ಟೇ, ಗಾಜು ಜಾಸ್ತಿ ಇದ್ದರೆ ಜಾಗ ಜಾಸ್ತಿ. ಹಿಂದೆಮುಂದೆ ಎಳೆಯುವ ಝೂಮ್ ಗಾಳಿಯನ್ನೂ ತೇವವನ್ನೂ ಒಳಕ್ಕೆ ಎಳೀತದೆ. ನಮ್ಮ ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಗಟ್ಟಿ ಮುಚ್ಚಳದ ಡಬ್ಬಿ ಬೇಕು, ಚರ್ಮದ ಚೀಲ ಬೇಡ. ಹಳೆ ಝೂಮ್ ಕೊಳ್ಳುವಾಗ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ವಾಪಸ್ ಕೊಟ್ಟುಬಿಡಿ.