ಎ549 ಸೆಲ್ ಲೈನ್: ಸಿಸ್‌ಪ್ಲಾಟಿನ್ ಪ್ರತಿರೋಧದ ಅಧ್ಯಯನಕ್ಕೆ ಎಷ್ಟು ನೆಚ್ಚಿಕೊಳ್ಳಬಹುದು?

ಶ್ವಾಸಕೋಶದ ಕ್ಯಾನ್ಸರ್ ಸಿಸ್‌ಪ್ಲಾಟಿನ್‌ನಂಥ ಕೀಮೋ ಔಷಧಗಳಿಗೆ ಯಾಕೆ ಬಗ್ಗುವುದಿಲ್ಲ ಎಂದು ಹುಡುಕುವ ಲ್ಯಾಬ್‌ಗಳು ಸಾಮಾನ್ಯವಾಗಿ ಮೊದಲು ತರಿಸಿಕೊಳ್ಳುವುದು ಎ549 ಸೆಲ್ ಲೈನ್, ಅಂದರೆ ಲ್ಯಾಬ್‌ನಲ್ಲಿ ಮತ್ತೆ ಮತ್ತೆ ಬೆಳೆಸಬಹುದಾದ ಕೋಶಗಳ ಸಾಲು. 1972ರಲ್ಲಿ 58 ವರ್ಷದ ವ್ಯಕ್ತಿಯೊಬ್ಬರ ಶ್ವಾಸಕೋಶದ ಅಡಿನೋಕಾರ್ಸಿನೋಮಾ (ಗ್ರಂಥಿ ಕೋಶಗಳ ಕ್ಯಾನ್ಸರ್) ಗಡ್ಡೆಯಿಂದ ಬೆಳೆಸಿದ ಕೋಶಗಳಿವು. ನಮ್ಮ ದೇಶದಲ್ಲಿ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿ ಸಿಗುತ್ತವೆ.

ಸಾಕುವುದು ಸುಲಭ. ಎಫ್-12ಕೆ ಎಂಬ ಪೋಷಕ ದ್ರವಕ್ಕೆ (ಮೀಡಿಯಾ) ಶೇ 10 ಸೀರಂ, 37 ಡಿಗ್ರಿ, ಶೇ 5 ಕಾರ್ಬನ್ ಡೈಆಕ್ಸೈಡ್ ಇದ್ದರೆ ಹೆಚ್ಚುಕಡಿಮೆ ದಿನಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಈ ವಿಷಯದಲ್ಲಿ ಪೂರ್ತಿ ಅಂಕ.

ತೊಡಕಿರುವುದು ಜೀನ್‌ಗಳಲ್ಲಿ. ಎ549ರ ಕೀಪ್1 ಜೀನ್ ಮೊದಲಿನಿಂದಲೇ ಕೆಟ್ಟಿದೆ: ಅದರ ಪ್ರೋಟೀನಿನಲ್ಲಿ 333ನೇ ಅಮೈನೋ ಆಮ್ಲವಾಗಿ ಗ್ಲೈಸಿನ್ ಇರಬೇಕಾದ ಜಾಗದಲ್ಲಿ ಸಿಸ್ಟೀನ್ ಕೂತಿದೆ. ಸರಿಯಿರುವ ಕೀಪ್1, ಕೋಶದ ರಕ್ಷಣಾ ಜೀನ್‌ಗಳನ್ನು ಚಾಲೂ ಮಾಡುವ ಎನ್‌ಆರ್‌ಎಫ್2 ಪ್ರೋಟೀನನ್ನು ಹಿಡಿದು ವಿಘಟನೆಗೆ ಕಳಿಸುತ್ತಿರುತ್ತದೆ. ಇಲ್ಲಿ ಆ ಹಿಡಿತ ತಪ್ಪಿರುವುದರಿಂದ ಎನ್‌ಆರ್‌ಎಫ್2 ನ್ಯೂಕ್ಲಿಯಸ್‌ನಲ್ಲೇ ಬೀಡುಬಿಟ್ಟು, ವಿಷವಸ್ತುಗಳನ್ನು ಕಟ್ಟಿಹಾಕುವ ಗ್ಲುಟಾಥಯೋನ್ ತಯಾರಿಸುವ ಜೀನ್‌ಗಳನ್ನೂ ಔಷಧ ಹೊರದಬ್ಬುವ ಎಂಆರ್‌ಪಿ ಪಂಪ್‌ಗಳನ್ನೂ ಸದಾ ಚಾಲೂ ಇಟ್ಟಿರುತ್ತದೆ. ಸಿಸ್‌ಪ್ಲಾಟಿನ್‌ನ ಒಂದು ಪಾಲು ಡಿಎನ್‌ಎ ಮುಟ್ಟುವ ಮೊದಲೇ ಗ್ಲುಟಾಥಯೋನ್‌ಗೆ ಅಂಟಿ ಆಚೆ ಹೋಗುತ್ತದೆ. ಹಾಗಾಗಿ ಔಷಧಕ್ಕೆ ಮಣಿಯುವ ಮೂಲ ಸಾಲು ಎಂದು ನಾವು ಕಂಟ್ರೋಲ್ ಜಾಗದಲ್ಲಿ ಇಡುವ ಕೋಶ ಆಗಲೇ ಅರ್ಧ ಕವಚ ತೊಟ್ಟಿರುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದ ಪ್ರಬಂಧಗಳನ್ನು ಓದುವಾಗ ನಿಜಕ್ಕೂ ಬೇಸರವಾಗುತ್ತದೆ.

ಹೋಲಿಕೆಗೆಂದು ಜೊತೆಗೆ ಎಚ್460 ಎಂಬ ಇನ್ನೊಂದು ಶ್ವಾಸಕೋಶ ಕ್ಯಾನ್ಸರ್ ಸಾಲು ಇಟ್ಟರೂ ಪ್ರಯೋಜನವಿಲ್ಲ, ಅದರಲ್ಲೂ ಕೀಪ್1 ಕೆಟ್ಟಿದೆ. ಕೀಪ್1 ಸರಿಯಿರುವ ಎಚ್1299 ಸಾಲು ತೆಗೆದುಕೊಳ್ಳಿ. ಆದರೆ ಡಿಎನ್‌ಎ ಹಾಳಾದ ಕೋಶವನ್ನು ತಡೆಯುವ ಇಲ್ಲವೇ ಸಾಯಿಸುವ ಪಿ53 ಪ್ರೋಟೀನ್ ಅದರಲ್ಲಿ ಇಲ್ಲ, ಎ549ರಲ್ಲಿ ಇದೆ ಎಂಬುದು ನೆನಪಿರಲಿ. ಇನ್ನೂ ಖಚಿತ ದಾರಿಯೆಂದರೆ ಎಸ್‌ಐಆರ್‌ಎನ್‌ಎಯಿಂದ (ಜೀನ್ ಅಡಗಿಸುವ ಚಿಕ್ಕ ಆರ್‌ಎನ್‌ಎ) ಎನ್‌ಆರ್‌ಎಫ್2 ತಗ್ಗಿಸಿ ಐಸಿ50, ಅಂದರೆ ಕೋಶಗಳ ಬೆಳವಣಿಗೆಯನ್ನು ಅರ್ಧಕ್ಕಿಳಿಸುವ ಔಷಧದ ಪ್ರಮಾಣ, ಮತ್ತೆ ಅಳೆಯುವುದು. ಐಸಿ50 ಇಳಿಯದಿದ್ದರೆ ಡಿಎನ್‌ಎ ದುರಸ್ತಿಯ ಇಆರ್‌ಸಿಸಿ1 ಕಡೆಗೋ ಔಷಧವನ್ನು ಒಳಬಿಡುವ ಸಿಟಿಆರ್1 ಕಡೆಗೋ ಹೊರಳಿ.

ಸಿಸ್‌ಪ್ಲಾಟಿನ್ ಪುಡಿಯನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಲೇಬೇಡಿ. ಆ ದ್ರಾವಕದ ಗಂಧಕ ಔಷಧದ ಪ್ಲಾಟಿನಂಗೆ ಅಂಟಿ ಕ್ಲೋರೈಡನ್ನು ಕಿತ್ತುಹಾಕುತ್ತದೆ, ಔಷಧ ಸತ್ವ ಕಳೆದುಕೊಳ್ಳುತ್ತದೆ, ಕೋಶಗಳು ಸಾಯದೆ ಉಳಿದದ್ದು ಪ್ರತಿರೋಧದಂತೆ ಕಾಣುತ್ತದೆ. ಶೇ 0.9 ಸಲೈನ್‌ನಲ್ಲಿ ಮಿಲಿಲೀಟರ್‌ಗೆ 1 ಮಿಲಿಗ್ರಾಂ ಕರಗಿಸಿ. ಅದು ಸುಮಾರು 3.3 ಮಿಲಿಮೋಲಾರ್. ಬೆಳಕು ತಾಗಿಸಬೇಡಿ. ಫ್ರಿಜ್‌ನಲ್ಲೂ ಇಡಬೇಡಿ, ಹರಳುಗಟ್ಟುತ್ತದೆ.

ಪ್ರತಿರೋಧಿ ಸಾಲು ಬೆಳೆಸುವುದು ತಿಂಗಳುಗಟ್ಟಲೆಯ ಕೆಲಸ. ಡೋಸ್ ಏರಿಸುವ ಪ್ರತಿ ಹಂತದಲ್ಲೂ ಒಂದೆರಡು ವೈಯಲ್ ಫ್ರೀಜ್ ಮಾಡಿಡಿ. ಔಷಧವಿಲ್ಲದೆ ಬಹಳ ಕಾಲ ಬೆಳೆಸಿದರೆ ಗಳಿಸಿದ ಪ್ರತಿರೋಧ ಕರಗಬಹುದು. ಪ್ರಯೋಗಕ್ಕೆ ಮುನ್ನ ಐಸಿ50 ಅಳೆದೇ ಮುಂದುವರಿಯಿರಿ. ಮೂಲ ಸಾಲನ್ನೂ ಅಷ್ಟೇ ಕಾಲ, ಬರೀ ಸಲೈನ್ ಹಾಕಿ, ಪಕ್ಕದಲ್ಲೇ ಬೆಳೆಸಿ. ಕೊನೆಗೆ ಎರಡಕ್ಕೂ ಎಸ್‌ಟಿಆರ್ (ಡಿಎನ್‌ಎ) ಗುರುತು ಪರೀಕ್ಷೆ, ಕೋಶಗಳಿಗೆ ತಗಲುವ ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿಸಿ.